ಮನೆಯಲ್ಲೇ ಕಲಿಯುವ ಮಗುವಿಗೆ ಎಂಥ ಪುಸ್ತಕ?

ಪ್ರಶ್ನೆ: ನಮ್ಮ 8 ವರ್ಷದ ಮಗಳಿಗೆ ಮನೆಯಲ್ಲಿಯೇ ಪಾಠ ಹೇಳಿಕೊಡುತ್ತಿದ್ದೇವೆ. ಪ್ರಾಣಿಗಳ ಕಥೆಗಳನ್ನು ಬಿಟ್ಟು ಅವಳು ಬೇರೇನನ್ನೂ ಓದುವುದಿಲ್ಲ. ಓದಿನಲ್ಲಿ ವೈವಿಧ್ಯ ತರುವುದು ಹೇಗೆ?

ಉತ್ತರ: ಆ ಒಲವನ್ನು ಚಿವುಟಬೇಡಿ, ಅಲ್ಲಿಂದಲೇ ಹೊರಡಿ. ಆನೆಯ ಕಥೆಯನ್ನು ಮೆಚ್ಚಿದವಳ ಮುಂದೆ, ಆನೆಯ ಸೊಂಡಿಲಿನಲ್ಲಿ ಮೂಳೆಯೇ ಇಲ್ಲವೆಂಬುದನ್ನು ಚಿತ್ರಸಹಿತ ವಿವರಿಸುವ ವಿಜ್ಞಾನದ ಪುಸ್ತಕವನ್ನು ತೆರೆದಿಟ್ಟರೆ, ಅಲ್ಲಿಂದ ಭೂಪಟಕ್ಕೆ, ಪ್ರವಾಸಕಥನಕ್ಕೆ, ವನ್ಯಜೀವಿಗಳನ್ನು ಅಧ್ಯಯನ ಮಾಡಿದವರ ಜೀವನಚರಿತ್ರೆಗೆ ದಾರಿ ತಾನಾಗಿ ಸಿಗುತ್ತದೆ. ಕೊಳ್ಳುವ ಮುನ್ನ ನಡುವಿನ ಒಂದು ಪುಟವನ್ನು ಅವಳಿಂದಲೇ ಓದಿಸಿ, ಗೊತ್ತಿಲ್ಲದ ಪದಕ್ಕೊಂದರಂತೆ ಬೆರಳು ಮಡಿಸಲು ಹೇಳಿ. ಐದೂ ಬೆರಳು ಮಡಿಸಿದರೆ ಆ ಪುಸ್ತಕವನ್ನು ಸದ್ಯಕ್ಕೆ ನೀವೇ ಓದಿ ಹೇಳುವುದು ಲೇಸು, ಏಕೆಂದರೆ ಈ ವಯಸ್ಸಿನ ಮಕ್ಕಳು ತಾವು ಓದಬಲ್ಲದ್ದಕ್ಕಿಂತ ಕ್ಲಿಷ್ಟವಾದದ್ದನ್ನು ಕೇಳಿ ಗ್ರಹಿಸಬಲ್ಲರು. ವಿಜ್ಞಾನದ ಪುಸ್ತಕವಾದರೆ ಪ್ರಕಟಣೆಯ ವರ್ಷವನ್ನೂ ನೋಡಿ: 2006ಕ್ಕೆ ಮುಂಚಿನವು ಸಾಮಾನ್ಯವಾಗಿ ಪ್ಲೂಟೊವನ್ನೂ ಸೇರಿಸಿ 9 ಗ್ರಹಗಳೆನ್ನುತ್ತವೆ. (ಅಂಥದ್ದನ್ನು ಎಸೆಯಬೇಕಿಲ್ಲ, ಹೊಸದರ ಪಕ್ಕದಲ್ಲಿಟ್ಟು ತೋರಿಸಿದರೆ ಅದೇ ಒಂದು ಪಾಠ.) ಪುಟಪುಟಕ್ಕೂ ನೀತಿ ಬೋಧಿಸುವ ಪುಸ್ತಕಗಳನ್ನು ಮಾತ್ರ ನಾನು ಶಿಫಾರಸು ಮಾಡಲಾರೆ. ಪದ್ಯ, ನಾಟಕ, ಒಗಟುಗಳಿಗೂ ಕಪಾಟಿನಲ್ಲಿ ಜಾಗವಿರಲಿ. ಗ್ರಂಥಾಲಯಕ್ಕೆ ಹೋದಾಗ ಎರಡನ್ನು ನೀವು ಆರಿಸಿ, ಮೂರನ್ನು ಅವಳ ಇಷ್ಟಕ್ಕೇ ಬಿಡಿ.