ತೊಗರಿಯ ಬೇರು ಅಗೆದು ನೋಡಿ, ಆಮೇಲೆ ಬರೆಯಿರಿ

ಪ್ರಿಯ ಶಿಕ್ಷಕ ಮಿತ್ರರೇ, ನಮಸ್ಕಾರ.

ಶಹಾಪುರ ತಾಲ್ಲೂಕಿನ ನಿಮ್ಮ ಹೈಸ್ಕೂಲಿನಿಂದ ಕಳಿಸಿದ ‘ಜೀವಶಾಸ್ತ್ರದ ಮೂಲ ಪರಿಕಲ್ಪನೆಗಳು’ ಲೇಖನವನ್ನು ಇಲ್ಲಿ ಕಲಬುರಗಿಯಲ್ಲಿ ಕೂತು ಎರಡು ಸಲ ಓದಿದೆ. ಹನ್ನೊಂದು ಪುಟ. ಜೀವಕೋಶ, ದ್ಯುತಿಸಂಶ್ಲೇಷಣೆ, ಉಸಿರಾಟ, ಅಭಿಸರಣೆ, ಸಾಗಾಣಿಕೆ, ಅನುವಂಶೀಯತೆ. ಒಂದೊಂದಕ್ಕೂ ಒಂದು ವ್ಯಾಖ್ಯೆ, ಎರಡು ಉದಾಹರಣೆ, ಮತ್ತೆ ಮುಂದಿನ ತಲೆಬರಹ. ಈ ರೂಪದಲ್ಲಿ ನಮ್ಮ ಪತ್ರಿಕೆಗೆ ತೆಗೆದುಕೊಳ್ಳಲಾರೆ. ಇದನ್ನೆಲ್ಲ ಮಕ್ಕಳು ಪಠ್ಯಪುಸ್ತಕದಲ್ಲಿ ಓದಿಯೇ ಇರುತ್ತಾರೆ. ಆದರೂ ಎರಡು ಸಾಲಿನ ನಿರಾಕರಣೆ ಬರೆದು ಕೈ ತೊಳೆದುಕೊಳ್ಳಲು ಮನಸ್ಸು ಬರಲಿಲ್ಲ. ಅದಕ್ಕೆ ಕಾರಣ ನಿಮ್ಮ ಏಳನೇ ಪುಟ.

ಅಲ್ಲಿ ಕಂಸದೊಳಗೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳ ಪ್ರಶ್ನೆ ಇದೆ: ‘ಸರ, ತೊಗರಿ ಬಿತ್ತಿದ ಹೊಲದಾಗ ಮರುವರ್ಷ ಜ್ವಾಳ ಛಲೋ ಬರ್ತದಲ್ರೀ, ಯಾಕ?’ ನೀವು ‘ನೈಟ್ರೋಜನ್ ಸ್ಥಿರೀಕರಣದಿಂದ’ ಎಂದು ಒಂದೇ ಮಾತಿನಲ್ಲಿ ಉತ್ತರ ಕೊಟ್ಟು, ಕಂಸ ಮುಚ್ಚಿ, ಜೀವವೈವಿಧ್ಯಕ್ಕೆ ಹೋಗಿಬಿಟ್ಟಿದ್ದೀರಿ. ಹನ್ನೊಂದು ಪುಟದಲ್ಲಿ ನಾನು ನಿಂತು ಓದಿದ್ದು ಅದೊಂದೇ ಕಡೆ. ನಿಮ್ಮ ಲೇಖನ ಆ ಕಂಸದೊಳಗಿದೆ. ಉಳಿದದ್ದನ್ನು ಬಿಡಿ, ಅದನ್ನು ಬರೆಯಿರಿ.

ಹೇಗೆ ಅಂತೀರಾ? ಮುಂಗಾರಿನಲ್ಲಿ ಬಿತ್ತಿದ ತೊಗರಿಗೆ ಒಂದೂವರೆ ತಿಂಗಳು ತುಂಬಿದಾಗ ಮಕ್ಕಳನ್ನು ಹೊಲಕ್ಕೆ ಕರೆದುಕೊಂಡು ಹೋಗಿ. ಗಿಡ ಹಿಡಿದು ಜಗ್ಗಿದರೆ ನಮ್ಮ ಎರೆ ಮಣ್ಣಿನಲ್ಲಿ ಬೇರಿನ ಗಂಟುಗಳೆಲ್ಲ ಕಳಚಿ ಒಳಗೇ ಉಳಿಯುತ್ತವೆ. ಸುತ್ತ ಅಗೆದು, ಹೆಂಟೆ ಸಮೇತ ಎತ್ತಿ, ಬಕೆಟ್ ನೀರಿನಲ್ಲಿ ನೆನೆಹಾಕಿ ಮೆಲ್ಲಗೆ ತೊಳೆಯಬೇಕು. ಆಗ ಬೇರಿನ ಮಗ್ಗುಲಲ್ಲಿ ಸಾಸಿವೆಯಷ್ಟು, ಕೆಲವು ಜೋಳದ ಕಾಳಿನಷ್ಟು ದಪ್ಪದ ಗಂಟುಗಳು ಕಾಣುತ್ತವೆ. ಬೆರಳಿನಿಂದ ಮುಟ್ಟಿದರೆ ಬಿಡಿಸಿಕೊಂಡು ಬರುತ್ತವೆ. ಹಾಗೆ ಬರದೆ, ಬೇರೇ ಊದಿಕೊಂಡಂತಿದ್ದರೆ ಅದು ಬೇರಿಗೆ ಹತ್ತುವ ಜಂತುಹುಳುವಿನ ಬಾಧೆ. ಈ ವ್ಯತ್ಯಾಸವನ್ನು ಖಂಡಿತ ಬರೆಯಿರಿ, ನಿಮ್ಮ ವಿದ್ಯಾರ್ಥಿಗಳ ಅಪ್ಪಂದಿರಿಗೂ ಬೇಕಾದ ಮಾತು ಅದು.

ಈಗ ಒಂದು ಗಂಟನ್ನು ಬ್ಲೇಡಿನಿಂದ ಕೊಯ್ಯಿರಿ. ಒಳಗೆ ಗುಲಾಬಿ ಬಣ್ಣ. ನಾನು ಮೊದಲ ಸಲ ನೋಡಿದಾಗ ಗಿಡದೊಳಗೆ ರಕ್ತವಿದೆಯೇ ಅನಿಸಿತ್ತು. ಅನಿಸಿದ್ದು ತೀರಾ ತಪ್ಪೂ ಅಲ್ಲ. ಅದು ಲೆಗ್‌ಹಿಮೋಗ್ಲೋಬಿನ್, ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ದಾಯಾದಿ, ಇದರಲ್ಲೂ ಕಬ್ಬಿಣವಿದೆ. ಗಂಟಿನೊಳಗೆ ಮನೆ ಮಾಡಿರುವ ರೈಜೋಬಿಯಂ ಬಳಗದ ಬ್ಯಾಕ್ಟೀರಿಯಾ ಗಾಳಿಯ ನೈಟ್ರೋಜನ್ನನ್ನು, ಗಿಡಕ್ಕೆ ಪ್ರೋಟೀನು ಕಟ್ಟಲು ಬೇಕಾದ ಅಮೋನಿಯ ಮಾಡುತ್ತವೆ. ಆ ಕೆಲಸದ ಕಿಣ್ವ ನೈಟ್ರೋಜಿನೇಸ್, ಆಕ್ಸಿಜನ್ ತಗಲಿದರೆ ಕೆಟ್ಟುಹೋಗುತ್ತದೆ. ಆದರೆ ಬ್ಯಾಕ್ಟೀರಿಯಾಕ್ಕೆ ಉಸಿರಾಡಲು ಆಕ್ಸಿಜನ್ ಬೇಕೇ ಬೇಕು. ಈ ಇಕ್ಕಟ್ಟನ್ನು ಬಿಡಿಸುವುದೇ ಆ ಗುಲಾಬಿ ಪ್ರೋಟೀನು: ಆಕ್ಸಿಜನ್ನನ್ನು ಹಿಡಿದಿಟ್ಟುಕೊಂಡು, ಬೇಕಾದಷ್ಟನ್ನೇ ಅಳೆದು ಕೊಡುತ್ತದೆ. ಗಂಟು ಒಳಗೆ ಹಸಿರಾಗಿದ್ದರೆ ಅದರ ಕೆಲಸ ಮುಗಿದಿದೆ ಎಂದರ್ಥ.

ನೋಡಿ, ಉಸಿರಾಟ, ಕಿಣ್ವ, ಸಹಜೀವನ, ಪ್ರೋಟೀನು, ನೈಟ್ರೋಜನ್ ಚಕ್ರ ಎಲ್ಲ ಒಂದು ಕಾಳಿನಷ್ಟು ಗಂಟಿನಲ್ಲಿ ಬಂದುಬಿಟ್ಟವು. ನೀವು ಇವನ್ನು ಐದು ತಲೆಬರಹಗಳಲ್ಲಿ ಹಂಚಿದ್ದೀರಿ, ಒಂದರ ಗುರುತು ಇನ್ನೊಂದಕ್ಕಿಲ್ಲ. ಗಾಳಿಯಲ್ಲಿ ನೈಟ್ರೋಜನ್ 78 ಶೇಕಡಾ ಎಂದು ಎರಡನೇ ಪುಟದಲ್ಲಿದೆ, ತೊಗರಿ ಬೇಳೆಯಲ್ಲಿ ಪ್ರೋಟೀನು ಇದೆ ಎಂದು ಒಂಬತ್ತನೇ ಪುಟದಲ್ಲಿದೆ. ನೂರು ಗ್ರಾಂ ಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನಿದೆ, ಅದರೊಳಗಿನ ನೈಟ್ರೋಜನ್‌ನ ದೊಡ್ಡ ಪಾಲು ಆ ಗಾಳಿಯಿಂದ ಈ ಗಂಟಿನ ಮೂಲಕ ಬಂದದ್ದು ಎಂದು ಹೇಳುವವರು ಯಾರು? ಕಾಳಿಗೆ ಹೋಗಿ ಉಳಿದದ್ದು ಉದುರಿದ ಎಲೆ, ಬೇರುಗಳಲ್ಲಿ ಕೊಳೆತು ಮಣ್ಣು ಸೇರುತ್ತದೆ. ಹುಡುಗಿಯ ಜೋಳಕ್ಕೆ ಉತ್ತರ ಅಲ್ಲಿಗೆ ಬರುತ್ತದೆ. ಇಷ್ಟು ದೂರ ನಡೆಸಿಕೊಂಡು ಬಂದ ಮೇಲೆ ‘ನೈಟ್ರೋಜನ್ ಸ್ಥಿರೀಕರಣ’ ಎಂಬ ಹೆಸರು ಹೇಳಿ. ಆಗ ಆ ಹೆಸರು ಮಗುವಿಗೆ ತೂಕದ್ದಾಗಿ ಕೇಳುತ್ತದೆ.

ಸಾಗಾಣಿಕೆಯ ಭಾಗಕ್ಕೂ ಇದೇ ಮಾತು. ‘ಕ್ಸೈಲಮ್ ನೀರನ್ನು ಸಾಗಿಸುತ್ತದೆ’ ಎಂದು ನಾನೂ ಶಾಲೆಯಲ್ಲಿ ಬಾಯಿಪಾಠ ಮಾಡಿ ಪೂರ್ತಿ ಅಂಕ ತೆಗೆದುಕೊಂಡವನು. ಅದೇ ವರ್ಷ ಮನೆಯ ತೊಗರಿ ಮಣ್ಣಲ್ಲಿ ಹಸಿ ಇದ್ದೂ ನಿಂತಲ್ಲೇ ಬಾಡಿತು. ಅಪ್ಪ ಗಿಡದ ಬುಡ ಸೀಳಿ ತೋರಿಸಿದರು, ಒಳಗೆ ಉದ್ದಕ್ಕೂ ಕಂದು ಗೆರೆ. ಅದೇ ಕ್ಸೈಲಮ್ ಎಂದು ನನಗೆ ಹೊಳೆಯಲಿಲ್ಲ. ಫ್ಯುಸೇರಿಯಂ ಎಂಬ ಶಿಲೀಂಧ್ರ ಬೇರಿನಿಂದ ಹೊಕ್ಕು ನೀರಿನ ನಾಳಗಳನ್ನೇ ಕಟ್ಟಿಹಾಕುತ್ತದೆ ಎಂದು ತಿಳಿದದ್ದು ಎಷ್ಟೋ ವರ್ಷಗಳ ನಂತರ. 2022ರಲ್ಲಿ ಕಲಬುರಗಿ ಜಿಲ್ಲೆಯ ತೊಗರಿ ಹೀಗೆ ಬಾಡಿಸುವ ನೆಟೆ ರೋಗಕ್ಕೆ ಸಿಕ್ಕಿ ಒಣಗಿದ್ದನ್ನು ನಿಮ್ಮ ಮಕ್ಕಳೂ ಕೇಳಿರುತ್ತಾರೆ. ಅವರಿಗೆ ನನಗಾದಂತೆ ಆಗಬಾರದು. ಈ ಪತ್ರ ಇಷ್ಟು ಉದ್ದವಾಗಿರುವುದು ಅದಕ್ಕೇ.

ಇನ್ನು ತಪ್ಪುಗಳು. ಮೂರಿವೆ, ಎಲ್ಲಿ ಪ್ರಕಟಿಸಿದರೂ ಮೊದಲು ತಿದ್ದಿ.

‘ಸಸ್ಯಗಳು ಹಗಲು ದ್ಯುತಿಸಂಶ್ಲೇಷಣೆ, ರಾತ್ರಿ ಉಸಿರಾಟ ನಡೆಸುತ್ತವೆ’ ಎಂದಿದ್ದೀರಿ. ಉಸಿರಾಟ ಹಗಲಿರುಳೂ ನಡೆಯುತ್ತದೆ, ಹಗಲಲ್ಲಿ ಆಕ್ಸಿಜನ್ ತಯಾರಿಕೆ ಅದಕ್ಕಿಂತ ಜೋರಾಗಿರುತ್ತದೆ, ಅಷ್ಟೇ. ಮೊಳಕೆ ಕಟ್ಟಿದ ಮಡಕಿ ಕಾಳಿನ ಬಟ್ಟೆಗಂಟು ಬಿಚ್ಚಿ ಒಳಗೆ ಬೆರಳಿಟ್ಟರೆ ಬೆಚ್ಚಗಿರುತ್ತದೆ. ಅದು ಉಸಿರಾಟದ ಶಾಖ.

‘ಇಂಗಾಲದ ಡೈಆಕ್ಸೈಡ್ ಒಡೆದು ಆಕ್ಸಿಜನ್ ಹೊರಬರುತ್ತದೆ’ ಎಂಬುದೂ ಸರಿಯಲ್ಲ. ಅದು ಬರುವುದು ನೀರಿನಿಂದ. 1941ರಲ್ಲಿ ರೂಬೆನ್, ಕಾಮೆನ್ ಮತ್ತು ಸಂಗಡಿಗರು ಆಕ್ಸಿಜನ್-18 ಎಂಬ ಭಾರದ ಆಕ್ಸಿಜನ್ ಬೆರೆತ ನೀರನ್ನು ಪಾಚಿಗೆ ಕೊಟ್ಟು ಇದನ್ನು ತೋರಿಸಿದರು.

ಅಭಿಸರಣೆಯಲ್ಲಿ, ಅಂದರೆ ಜೀವಕೋಶದ ತೆಳುಪೊರೆ ದಾಟಿ ನೀರು ಹರಿಯುವಲ್ಲಿ, ‘ಹೆಚ್ಚು ಸಾರತೆಯಿಂದ ಕಡಿಮೆ ಸಾರತೆಗೆ’ ಎಂದು ಬರೆದು ಯಾವುದರ ಸಾರತೆ ಎಂದು ಹೇಳಿಲ್ಲ. ಉಪ್ಪಿನದು ಎಂದುಕೊಂಡರೆ ಉತ್ತರ ತಲೆಕೆಳಗು. ಉಪ್ಪಿನಕಾಯಿಗೆ ಮಾವಿನ ಹೋಳಿಗೆ ಉಪ್ಪು ಬೆರೆಸಿಟ್ಟರೆ ಬೆಳಿಗ್ಗೆ ಭರಣಿಯಲ್ಲಿ ನೀರು ನಿಂತಿರುತ್ತದೆ, ಹೋಳು ಮುದುಡಿರುತ್ತದೆ. ನೀರು ಉಪ್ಪಿದ್ದ ಕಡೆಗೆ ಹೋಗಿದೆ. ಅದನ್ನೇ ಬರೆದರೆ ಸಾಕು.

ಭಾಷೆಯ ಬಗ್ಗೆ ಒಂದೇ ಮಾತು. ‘ಸಸ್ಯಗಳಿಂದ ಹೀರಲ್ಪಟ್ಟ ನೀರು’ ಎಂದು ಬರೆಯಬೇಡಿ. ‘ಬೇರು ನೀರು ಹೀರುತ್ತದೆ’ ಎನ್ನಿ. ತರಗತಿಯಲ್ಲಿ ನೀವು ಹಾಗೆಯೇ ಮಾತಾಡುತ್ತೀರಿ ಎಂದು ಆ ಹುಡುಗಿಯ ಧೈರ್ಯದ ಪ್ರಶ್ನೆ ನೋಡಿದರೇ ಗೊತ್ತಾಗುತ್ತದೆ.

ಮೂರು ಪುಟ ಸಾಕು. ನಾಗರ ಪಂಚಮಿ ಕಳೆದ ಮೇಲೆ, ಮಳೆ ಬಿಡುವು ಕೊಟ್ಟ ದಿನ ನೋಡಿ ಹೊಲಕ್ಕೆ ಹೋಗಿ. ಎಷ್ಟು ಗಂಟು ಸಿಕ್ಕವು, ಕೊಯ್ದಾಗ ಯಾವ ಬಣ್ಣ ಕಂಡಿತು, ಮಕ್ಕಳು ಏನೆಂದರು, ಅಲ್ಲಿಂದಲೇ ಶುರು ಮಾಡಿ. ಗಂಟೇ ಸಿಗದಿದ್ದರೆ ಅದನ್ನೂ ಬರೆಯಿರಿ, ಯಾಕೆ ಸಿಗಲಿಲ್ಲವೆಂದು ಇಬ್ಬರೂ ಕೂಡಿ ಹುಡುಕೋಣ. ಮತ್ತೆ ಆ ಹುಡುಗಿಯ ಪ್ರಶ್ನೆಯನ್ನು ಅವಳ ಮಾತಿನಲ್ಲೇ ಇಡಿ, ಕಂಸ ಮಾತ್ರ ತೆಗೆದುಹಾಕಿ.

ನಿಮ್ಮ ಲೇಖನಕ್ಕೆ ಕಾಯುತ್ತಾ,
ಸಂಪಾದಕ