ಕ್ಯೋಟೊ, ಹನಿಮೂನ್ ಮತ್ತು ಹಳೇ ಪೇಟೆಗಳು

ಪತ್ರ: ಎರಡನೇ ಮಹಾಯುದ್ಧದಲ್ಲಿ ಬಾಂಬಿಗೆ ಸುಟ್ಟ ಜರ್ಮನಿಯ ಡ್ರೆಸ್ಡೆನ್ ಊರಿನ ಬಗ್ಗೆ ಹೋದ ಸಂಚಿಕೆಯ ಲೇಖನ ಓದಿದೆ. ಹಳೇ ಊರುಗಳು ಸುಟ್ಟಿದ್ದು ಬಾಂಬು ಗುರಿ ತಪ್ಪಿದ್ದರಿಂದ ಅಲ್ಲವೇ? ಹನಿಮೂನಿಗೆ ಹೋಗಿದ್ದ ಊರೆಂದು ಅಮೆರಿಕದ ಮಂತ್ರಿ ಜಪಾನಿನ ಕ್ಯೋಟೊವನ್ನು ಅಣುಬಾಂಬಿನಿಂದ ಉಳಿಸಲಿಲ್ಲವೇ? ನಮ್ಮ ಚೆನ್ನಕೇಶವನ ಗುಡಿ ಕಲ್ಲಿನದು, ಬೆಂಕಿಗೆ ಹೆದರಬೇಕಿಲ್ಲ. ಅಂದಹಾಗೆ ಡ್ರೆಸ್ಡೆನ್ನಿನಲ್ಲಿ ಸತ್ತವರು ಎರಡು ಲಕ್ಷ.
– ನಿವೃತ್ತ ಮೇಷ್ಟ್ರು, ಬೇಲೂರು

ಮೇಷ್ಟ್ರೇ, ನಮಸ್ಕಾರ.

ಗುರಿ ತಪ್ಪುತ್ತಿದ್ದದ್ದು ನಿಜ. 1941ರಲ್ಲಿ ಬ್ರಿಟಿಷರು ತಮ್ಮದೇ ಬಾಂಬರ್ ವಿಮಾನಗಳಿಂದ ತೆಗೆದ ಫೋಟೊಗಳನ್ನು ನೋಡಿದರು. ಗುರಿ ಮುಟ್ಟಿದೆವು ಎಂದು ಹೇಳಿಕೊಂಡವರಲ್ಲೇ ಮೂರರಲ್ಲಿ ಒಬ್ಬರು ಮಾತ್ರ ಗುರಿಯಿಂದ ಐದು ಮೈಲಿಯೊಳಗೆ ಹೋಗಿದ್ದರು! ಕತ್ತಲಲ್ಲಿ ಕಾರ್ಖಾನೆ ಸಿಗದು, ಊರು ಸಿಗುತ್ತೆ. 1942ರ ಫೆಬ್ರವರಿಯಲ್ಲಿ ಊರುಗಳ ಮೇಲೇ ಬಾಂಬು ಹಾಕಿ ಎಂದು ಆದೇಶ ಬಂತು.

ಊರಲ್ಲಿ ಬೇಗ ಉರಿಯುವುದು ಹಳೇ ಪೇಟೆ. ಇಕ್ಕಟ್ಟು ಓಣಿ, ಮರದ ತೊಲೆ, ಮರದ ಅಟ್ಟ. ನಮ್ಮ ಮಲೆನಾಡಿನ ತೊಟ್ಟಿಮನೆಗಳನ್ನೆಲ್ಲ ಒಂದಕ್ಕೊಂದು ಅಂಟಿಸಿ ಕಟ್ಟಿದ ಹಾಗೆ. ಮೊದಲು ಸಿಡಿಯುವ ಬಾಂಬು ಹಾಕಿ ಹೆಂಚು, ಕಿಟಕಿ ಹಾರಿಸುತ್ತಿದ್ದರು. ಆಮೇಲೆ ಬೆಂಕಿ ಹಚ್ಚುವ ಸಣ್ಣ ಬಾಂಬುಗಳನ್ನು ಸಾವಿರಗಟ್ಟಲೆ ಸುರಿಯುತ್ತಿದ್ದರು. ಆ ಮಾರ್ಚಿನಲ್ಲಿ ಸುಟ್ಟ ಜರ್ಮನಿಯ ಲ್ಯೂಬೆಕ್ ಅಷ್ಟೇನೂ ಮುಖ್ಯ ಗುರಿಯಲ್ಲ. ಚೆನ್ನಾಗಿ ಉರಿಯುತ್ತೆ ಅಂತಲೇ ಆರಿಸಿದ್ದು. ಬ್ರಿಟಿಷ್ ಬಾಂಬರ್ ಪಡೆಯ ಮುಖ್ಯಸ್ಥ ಹ್ಯಾರಿಸ್ ಇದನ್ನು ಮುಚ್ಚಿಡಲೂ ಇಲ್ಲ. ಜರ್ಮನ್ನರೇನು ಸಾಚಾ ಅಲ್ಲ. ವಾರ್ಸಾ, ರಾಟರ್‌ಡ್ಯಾಮ್, ಕವೆಂಟ್ರಿಗಳನ್ನು ಅವರು ಮೊದಲೇ ಸುಟ್ಟಿದ್ದರು. ಲ್ಯೂಬೆಕ್ ಸೇಡಿಗೆ ಇಂಗ್ಲೆಂಡಿನ ಹಳೇ ಊರುಗಳಾದ ಬಾತ್, ಯಾರ್ಕ್, ಎಕ್ಸೆಟರ್ ಮೇಲೆ ಬಿದ್ದರು. ಆ ದಾಳಿಗಳಿಗೆ ಬೇಡೆಕರ್ ಎಂಬ ಪ್ರವಾಸಿ ಕೈಪಿಡಿಯ ಹೆಸರೇ ಅಂಟಿಕೊಂಡಿತು.

ಇನ್ನು ಹನಿಮೂನ್. ಯುದ್ಧ ಮಂತ್ರಿ ಹೆನ್ರಿ ಸ್ಟಿಮ್‌ಸನ್ ಮದುವೆಯಾದದ್ದು 1893ರಲ್ಲಿ, ಕ್ಯೋಟೊಗೆ ಹೋದದ್ದು 1926ರಲ್ಲಿ. ಅಷ್ಟು ತಡವಾಗಿ ಯಾರು ಹನಿಮೂನಿಗೆ ಹೋಗ್ತಾರೆ, ಹೇಳಿ? ಊರು ಅವರಿಗೆ ಹಿಡಿಸಿತ್ತು, ಇರಲಿ. ಆದರೆ 1945ರ ಜುಲೈ ಡೈರಿಯಲ್ಲಿ ಅವರು ಬರೆದದ್ದು ಬೇರೆಯೇ ಲೆಕ್ಕ: ಕ್ಯೋಟೊ ಸುಟ್ಟರೆ ಸಿಟ್ಟಿಗೆದ್ದ ಜಪಾನಿಗಳು ಮುಂದೆ ರಷ್ಯಾ ಕಡೆ ವಾಲಬಹುದು. ಕ್ಯೋಟೊ ಅಣುಬಾಂಬಿನ ಗುರಿಗಳ ಪಟ್ಟಿಯಿಂದ ಹೋಯಿತು, ನಾಗಸಾಕಿ ಸೇರಿತು.

ಕಲ್ಲಿನ ಮಾತಿಗೆ ಬಂದರೆ, ಡ್ರೆಸ್ಡೆನ್ನಿನ ಫ್ರೌಎನ್‌ಕಿರ್ಶೆ ಚರ್ಚ್ ಕೂಡ ಕಲ್ಲಿನದೇ. ದಾಳಿಯ ರಾತ್ರಿ ಅದು ಬೀಳಲಿಲ್ಲ. ಬೆಂಕಿಯ ಕಾವಿಗೆ ಒಳಗಿನ ಕಂಬಗಳು ಸೋತು, 1945ರ ಫೆಬ್ರವರಿ 15ರ ಬೆಳಿಗ್ಗೆ ಕುಸಿಯಿತು. ಹಳೇ ಕಲ್ಲುಗಳನ್ನೂ ಬಳಸಿ ಮತ್ತೆ ಕಟ್ಟಿ ಮುಗಿಸಿದ್ದು 2005ರಲ್ಲಿ.

ಸತ್ತವರು ಎರಡು ಲಕ್ಷ ಅಲ್ಲ. ಇತಿಹಾಸಕಾರರ ಸಮಿತಿ 2010ರಲ್ಲಿ ಕೊಟ್ಟ ಲೆಕ್ಕ ಹೆಚ್ಚೆಂದರೆ 25,000. ಎರಡು ಲಕ್ಷದಲ್ಲಿನ ಹೆಚ್ಚುವರಿ ಸೊನ್ನೆ ನಾಜಿ ಪ್ರಚಾರದವರು ಸೇರಿಸಿದ್ದು. ಇವತ್ತಿಗೂ ಸುಮ್ನೆ ಓಡಾಡ್ತಿದೆ.
– ಸಂ.