ಕ್ಯಾಂಪಿಗೆ ಮೊದಲು ರೆಡಿ ಆಗಬೇಕಾ? ಬೇಡ, ಹಾಗೇ ಹೋಗಿ

ನೀವು ಬರೆದು ಕೇಳಿದ್ದನ್ನು ಓದಿದೆ. ಸಿಯಾಟಲ್ ಕಡೆ ಇದ್ದೀರಿ, ವಯಸ್ಸು 41. ಹೆಂಗಸರ ಮೌಂಟನ್ ಬೈಕಿಂಗ್ (ಕಾಡು, ಗುಡ್ಡದ ಮಣ್ಣಿನ ದಾರಿಯಲ್ಲಿ, ಅಂದರೆ ಟ್ರೇಲ್‌ನಲ್ಲಿ, ಸೈಕಲ್ ಓಡಿಸುವುದು) ಕ್ಯಾಂಪಿಗೆ ಸೇರುವ ಮುಂಚೆ ಒಂದು ಬೇಸಿಗೆ ಪೂರ್ತಿ ಗಂಡನ ಜೊತೆ ಟ್ರೇಲ್‌ಗಳಲ್ಲಿ ಓಡಿಸಿ ‘ರೆಡಿ’ ಆಗೋಣ ಅಂತಿದ್ದೀರಿ. ದಯವಿಟ್ಟು ಬೇಡ. ನಾನು ಮಾಡಿದ್ದು ಅದನ್ನೇ. ಎಡಗೈ ಮಣಿಕಟ್ಟಿನ ಮೂಳೆ ಮುರಿಯಿತು, ಕ್ಯಾಂಪಿಗೆ ಕಟ್ಟಿದ್ದ ದುಡ್ಡೂ ಹೋಯಿತು.

ನಾನು ಶಿವಮೊಗ್ಗದವಳು. ಹೈಸ್ಕೂಲಿಗೆ ಹೋಗಿದ್ದು ಸೈಕಲ್‌ನಲ್ಲಿ. ಕಾಲೇಜು, ಮೊದಲ ಕೆಲಸ ಎಲ್ಲ ಸ್ಕೂಟಿಯಲ್ಲಿ. ಸಿಯಾಟಲ್ ಹತ್ತಿರದ ರೆಡ್ಮಂಡ್‌ಗೆ ಬಂದ ಮೇಲೆ ಸಮಾಮಿಶ್ ನದಿ ಪಕ್ಕದ ದಾರಿಯಲ್ಲಿ ಮತ್ತೆ ಸೈಕಲ್ ಹೊಡೆಯಲು ಶುರು ಮಾಡಿದೆ. ನಿಮಗೆ ಗೊತ್ತಿರುತ್ತೆ, ಅದು ಡಾಂಬರು ಹಾಕಿದ ಸಪಾಟು ದಾರಿ. ಮೇರಿಮೂರ್ ಪಾರ್ಕಿನಿಂದ ಬಾಥೆಲ್‌ವರೆಗೂ ಏರೂ ಇಲ್ಲ, ಇಳಿಜಾರೂ ಇಲ್ಲ. ಅಲ್ಲಿ ದೂರ ದೂರ ಓಡಿಸಿ ನನಗೆ ಸೈಕಲ್ ಚೆನ್ನಾಗಿ ಬರುತ್ತೆ ಅಂತಲೇ ನಂಬಿದ್ದೆ.

ನಮ್ಮನೆಯವರು ಆಗಲೇ ಮೌಂಟನ್ ಬೈಕಿಂಗ್ ಹುಚ್ಚು ಹಿಡಿಸಿಕೊಂಡಿದ್ದರು. ನಾನು ಸೆಪ್ಟೆಂಬರಿನ ಕ್ಯಾಂಪಿಗೆ ಹೆಸರು ಕೊಟ್ಟೆ. ಕೊಟ್ಟ ಮೇಲೆ ಭಯ ಶುರುವಾಯಿತು. ಎಲ್ಲರ ಮುಂದೆ ಏನೂ ಬರದವಳಾಗಿ ನಿಲ್ಲಬಾರದು ಅನ್ನಿಸಿತು. ಹಾಗಾಗಿ ಶನಿವಾರ ಭಾನುವಾರ ಅವರ ಮತ್ತು ಅವರ ಸ್ನೇಹಿತರ ಹಿಂದೆ ಬಾಡಿಗೆಗೆ ಮೌಂಟನ್ ಬೈಕ್ ತಗೊಂಡು ಕಾಡಿಗೆ ಹೋದೆ. ನೀವು ಈಗ ಹಾಕಿಕೊಂಡಿರುವ ಪ್ಲಾನ್ ಇದೇ ಅಲ್ವಾ?

ತಪ್ಪು ಎಲ್ಲಾಯಿತು ಅನ್ನೋದನ್ನು ಉದ್ದವಾಗಿಯೇ ಬರೆಯುತ್ತೇನೆ. ನಮ್ಮ ದೇಶದಲ್ಲಿ ಗಾಡಿ ಓಡಿಸಿ ಬೆಳೆದ ಯಾರಿಗಾದರೂ ಇದು ಆಗಬಹುದು.

ನಮ್ಮೂರಿನ ಸೈಕಲ್‌ಗಳಲ್ಲಿ, ಸ್ಕೂಟಿಯಲ್ಲಿ ಬಲಗೈ ಬ್ರೇಕ್ ಮುಂದಿನ ಚಕ್ರಕ್ಕೆ, ಎಡಗೈಯದು ಹಿಂದಿನ ಚಕ್ರಕ್ಕೆ. ಅಮೆರಿಕದ ಸೈಕಲ್‌ಗಳಲ್ಲಿ ಇದು ಉಲ್ಟಾ. ಎಡಗೈಯದು ಮುಂದಿನ ಬ್ರೇಕ್, ಬಲಗೈಯದು ಹಿಂದಿನದು. ಇಲ್ಲಿನ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ನಿಯಮದಲ್ಲೇ ಹಾಗಿದೆ. ಕೊಳ್ಳುವವರು ಬೇರೆ ಥರ ಬೇಕು ಅಂತ ಕೇಳದಿದ್ದರೆ ಹಾಗೇ ಬರುತ್ತದೆ. ಯಾರೋ ಒಮ್ಮೆ ಮಾತಿನಲ್ಲಿ ಹೇಳಿದ್ದರು, ನಾನು ‘ಹೌದಾ’ ಅಂದು ಮರೆತಿದ್ದೆ. ನದಿ ದಾರಿಯಲ್ಲಿ ಎರಡೂ ಬ್ರೇಕನ್ನು ಮೆಲ್ಲಗೆ ಒಟ್ಟಿಗೆ ಒತ್ತುತ್ತಿದ್ದೆ. ಯಾವುದು ಯಾವ ಕಡೆ ಇದ್ದರೂ ಅಲ್ಲಿ ವ್ಯತ್ಯಾಸ ಗೊತ್ತಾಗುವುದೇ ಇಲ್ಲ.

ಇನ್ನೊಂದು, ಚಿಕ್ಕಂದಿನ ಪಾಠ. ಅಪ್ಪ ಮೈದಾನದಲ್ಲಿ ಸೈಕಲ್ ಕಲಿಸುವಾಗ ‘ಮುಂದಿನ ಬ್ರೇಕ್ ಮುಟ್ಟಬೇಡ ಮಗಳೇ, ಮಗುಚಿ ಬೀಳ್ತೀಯ’ ಅಂತ ಹೇಳಿ ಹೇಳಿ ಗಟ್ಟಿ ಮಾಡಿಸಿದ್ದರು. ಇಲ್ಲಿ ನಮ್ಮನೆಯವರ ಸ್ನೇಹಿತರೊಬ್ಬರೂ ಇಳಿಜಾರು ಶುರುವಾಗುವ ಮುಂಚೆ ಅದನ್ನೇ ಹೇಳಿದರು, ‘ಬರೀ ಹಿಂದಿನ ಬ್ರೇಕ್ ಹಿಡಿ.’ ಒಳ್ಳೆ ಮನಸ್ಸಿನಿಂದಲೇ ಹೇಳಿದ್ದು. ಆದರೆ ಅದು ತಪ್ಪು ಸಲಹೆ. ನನ್ನ ವಿಷಯದಲ್ಲಂತೂ ತುಂಬ ದುಬಾರಿ ಸಲಹೆ.

ಮೂರನೆಯದು ಬ್ರೇಕಿನ ಜಾತಿ. ನನ್ನ ಹಳೇ ಸೈಕಲ್‌ನಲ್ಲಿದ್ದದ್ದು ರಿಮ್ಮನ್ನು ಹಿಡಿಯುವ ರಬ್ಬರ್ ಬ್ರೇಕ್. ನಾಲ್ಕೂ ಬೆರಳು ಹಾಕಿ ಎಳೆದರೂ ನಿಧಾನವಾಗಿಯೇ ನಿಲ್ಲುತ್ತಿತ್ತು. ಬಾಡಿಗೆ ಬೈಕಿನಲ್ಲಿದ್ದದ್ದು ಹೈಡ್ರಾಲಿಕ್ ಡಿಸ್ಕ್, ಅಂದರೆ ಎಣ್ಣೆಯ ಒತ್ತಡದಿಂದ ಚಕ್ರದ ನಡುವಿನ ತಟ್ಟೆಯನ್ನು ಹಿಡಿಯುವ ಬ್ರೇಕ್. ಅದಕ್ಕೆ ಒಂದು ಬೆರಳು ಸಾಕು. ನಾಲ್ಕು ಬೆರಳಿನ ಜೋರು ಹಾಕಿದರೆ ಚಕ್ರ ಅಲ್ಲೇ ಕಚ್ಚಿಕೊಳ್ಳುತ್ತದೆ.

ಈಗ ಮೂರನ್ನೂ ಸೇರಿಸಿ ನೋಡಿ. ಇಸಾಕ್ವಾ ಹತ್ತಿರದ ಒಂದು ಟ್ರೇಲ್. ಹಿಂದಿನ ದಿನ ಮಳೆ ಬಂದಿತ್ತು. ಸಣ್ಣ ಇಳಿಜಾರು, ಅದರ ಕೊನೆಯಲ್ಲಿ ಅಡ್ಡಡ್ಡ ಒದ್ದೆ ಬೇರುಗಳು. ವೇಗ ಜಾಸ್ತಿ ಆಯಿತು ಅನ್ನಿಸಿತು. ‘ಬರೀ ಹಿಂದಿನದು’ ಅಂತ ತಲೆ ಹೇಳಿತು. ಕೈಗೆ ಗೊತ್ತಿದ್ದ ಹಿಂದಿನ ಬ್ರೇಕ್ ಎಡಗಡೆ. ನಾಲ್ಕೂ ಬೆರಳು ಹಾಕಿ ಎಡಗಡೆಯದನ್ನು ಎಳೆದೆ. ಅದು ಮುಂದಿನದು. ಸೀಟು ಎತ್ತರದಲ್ಲೇ ಇತ್ತು, ಕೈ ಸೆಟೆದಿತ್ತು, ಮೈಭಾರ ಮುಂದಿತ್ತು. ಹ್ಯಾಂಡಲ್ ಮೇಲಿಂದ ಹೋಗಿ ಅಂಗೈ ಊರಿಕೊಂಡು ಬಿದ್ದೆ.

ಮುರಿದದ್ದು ಸ್ಕೇಫಾಯ್ಡ್ ಅನ್ನುವ ಸಣ್ಣ ಮೂಳೆ, ಹೆಬ್ಬೆರಳಿನ ಬುಡದ ಕಡೆ ಇರುತ್ತದೆ. ಮಣಿಕಟ್ಟಿನ ಸಣ್ಣ ಮೂಳೆಗಳಲ್ಲಿ, ಕೈ ಚಾಚಿ ಬಿದ್ದಾಗ ಮುರಿಯುವುದು ಹೆಚ್ಚಾಗಿ ಅದೇ. ಮೊದಲ ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ. ನನ್ನದೂ ಕಾಣಲಿಲ್ಲ. ಆ ಮೂಳೆಗೆ ರಕ್ತ ಹರಿಯುವುದು ಹೆಚ್ಚಾಗಿ ಒಂದೇ ತುದಿಯಿಂದ, ಅದಕ್ಕೇ ಕೂಡಿಕೊಳ್ಳಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಹೆಬ್ಬೆರಳು ಸೇರಿಸಿ ಪ್ಲಾಸ್ಟರ್ ಹಾಕಿದರು. ಮಗಳ ಜಡೆ ಹೆಣೆಯಲು ಆಗುತ್ತಿರಲಿಲ್ಲ, ಚಪಾತಿ ಲಟ್ಟಿಸಲು ಆಗುತ್ತಿರಲಿಲ್ಲ. ಸೆಪ್ಟೆಂಬರ್ ಬಂತು, ಹೋಯಿತು. ನೀವೂ ಬಿದ್ದು ಅಂಗೈ ನೋಯುತ್ತಿದ್ದರೆ, ಎಕ್ಸ್‌ರೇ ಸರಿಯಿದೆ ಅಂದರೂ ಒಂದೆರಡು ವಾರ ಬಿಟ್ಟು ಮತ್ತೆ ತೋರಿಸಿ.

ಮುಂದಿನ ವರ್ಷ ಕ್ಯಾಂಪಿಗೆ ಹೋದೆ. ಅಭ್ಯಾಸ ಇಲ್ಲದೆ, ಭಯ ಇಟ್ಟುಕೊಂಡೇ ಹೋದೆ. ಡ್ಯೂಥಿ ಹಿಲ್‌ನಲ್ಲಿ ನಡೆಯಿತು. 2010ರಲ್ಲಿ ಶುರುವಾದ ಪಾರ್ಕ್ ಅದು, ಎವರ್‌ಗ್ರೀನ್ ಮೌಂಟನ್ ಬೈಕ್ ಅಲಯನ್ಸ್‌ನವರು ಸ್ವಯಂಸೇವಕರನ್ನು ಕಟ್ಟಿಕೊಂಡು ಟ್ರೇಲ್ ಮಾಡಿದ್ದಾರೆ. ಮಧ್ಯದಲ್ಲಿ ಬಯಲು, ಸುತ್ತ ಕಾಡು. ಕಲಿಯುವವರಿಗೆ ಹೇಳಿ ಮಾಡಿಸಿದ ಜಾಗ.

ಯಾರನ್ನೂ ಮೊದಲೇ ಕಾಡಿಗೆ ಕರೆದುಕೊಂಡು ಹೋಗಲಿಲ್ಲ. ಹುಲ್ಲಿನ ಮೇಲೆ ಬೈಕ್ ನಿಲ್ಲಿಸಿ ಒಬ್ಬೊಬ್ಬರದನ್ನೇ ನೋಡಿದರು. ಬ್ರೇಕ್ ಲಿವರ್ ನನ್ನ ಬೆರಳಿಗೆ ದೂರ ಇತ್ತು. ಒಂದು ಸಣ್ಣ ಸ್ಕ್ರೂ ತಿರುಗಿಸಿ ಹತ್ತಿರ ತಂದರು. ನನ್ನಂಥ ಸಣ್ಣ ಕೈಯವರಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಆಗಲೇ ಗೊತ್ತಾಗಿದ್ದು. ಸಸ್ಪೆನ್ಷನ್‌ನಲ್ಲಿ (ಗುದ್ದು ತಡೆಯುವ ಶಾಕ್) ನನಗಿಂತ ತುಂಬ ಭಾರದವರಿಗೆ ಸರಿಹೋಗುವಷ್ಟು ಗಾಳಿ ಇತ್ತು. ಬೈಕ್ ಮೇಲೆ ಕೂತರೆ ಅದು ಒಟ್ಟು ಕುಗ್ಗಬಹುದಾದಷ್ಟರಲ್ಲಿ ಕಾಲುಭಾಗದಿಂದ ಮೂವತ್ತು ಪರ್ಸೆಂಟ್‌ವರೆಗೆ ಕುಗ್ಗಬೇಕು. ನನ್ನದು ಅಲುಗಾಡಿರಲೇ ಇಲ್ಲ. ಟೈರಿನ ಗಾಳಿಯನ್ನೂ ಇಳಿಸಿದರು. ಹಿಂದಿನ ವರ್ಷ ಕಲ್ಲು, ಬೇರಿನ ಮೇಲೆಲ್ಲ ಪುಟಿಯುತ್ತಿದ್ದದ್ದು ನನ್ನ ಹೆದರಿಕೆಯಿಂದ ಅಂದುಕೊಂಡಿದ್ದೆ. ಅರ್ಧಕ್ಕರ್ಧ ಬೈಕ್ ಸೆಟ್ ಮಾಡಿದ ರೀತಿಯಿಂದ. ಗಂಡಸರ ಗುಂಪಿನಲ್ಲಿ ಇದನ್ನು ಯಾರೂ ನೋಡಿರಲಿಲ್ಲ, ನಾನೂ ಕೇಳಿರಲಿಲ್ಲ.

ಆಮೇಲೆ ಮೊದಲ ಪಾಠವೇ ಬ್ರೇಕ್. ನಡೆಯುವಷ್ಟು ನಿಧಾನಕ್ಕೆ ಹೋಗಿ ಬರೀ ಹಿಂದಿನದು ಹಿಡಿಯಿರಿ, ಆಮೇಲೆ ಬರೀ ಮುಂದಿನದು, ಆಮೇಲೆ ಎರಡೂ. ಕೋನ್ ಇಟ್ಟು ಎಷ್ಟು ದೂರದಲ್ಲಿ ನಿಲ್ಲುತ್ತೀರಿ ನೋಡಿ ಅಂದರು. ಬರೀ ಹಿಂದಿನದು ಹಿಡಿದರೆ ಚಕ್ರ ಜಾರುತ್ತಾ ಎಷ್ಟೋ ಮುಂದೆ ಹೋಗಿ ನಿಲ್ಲುತ್ತದೆ. ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ, ಹಿಂದಿನ ಚಕ್ರ ಹಗುರ ಆಗುತ್ತದೆ, ಹಿಡಿತ ಕಳೆದುಕೊಳ್ಳುತ್ತದೆ. ನಿಜವಾಗಿ ನಿಲ್ಲಿಸುವುದು ಮುಂದಿನ ಬ್ರೇಕೇ. ಇಳಿಜಾರಿನಲ್ಲಿ ಇನ್ನೂ ಜಾಸ್ತಿ. ಮಗುಚಿ ಬೀಳಿಸುವುದು ಮುಂದಿನ ಬ್ರೇಕ್ ಹಿಡಿದದ್ದಲ್ಲ, ಅದನ್ನು ಒಮ್ಮೆಲೇ ಕಿತ್ತು ಎಳೆದದ್ದು, ಮೈ ಎತ್ತರದಲ್ಲಿ ಮುಂದಕ್ಕೆ ಇದ್ದದ್ದು. ಸೀಟು ಕೆಳಗಿಳಿಸಿ, ಎರಡು ಪೆಡಲೂ ಒಂದೇ ಮಟ್ಟಕ್ಕೆ, ಹಿಮ್ಮಡಿ ಕೆಳಗೆ, ಸೊಂಟ ಹಿಂದೆ ತಗ್ಗಿಸಿ, ಒಂದೊಂದೇ ಬೆರಳಿನಿಂದ ಎರಡೂ ಬ್ರೇಕನ್ನು ಮೆಲ್ಲಗೆ ಹಿಂಡಿದರೆ ಬೈಕ್ ಇಳಿಜಾರಿನಲ್ಲೂ ಸೌಮ್ಯವಾಗಿ ನಿಲ್ಲುತ್ತದೆ. ಅಪ್ಪ ಹೇಳಿದ್ದು ಆ ಮೈದಾನಕ್ಕೆ, ಆ ವಯಸ್ಸಿನ ಹುಡುಗಿಗೆ ಸರಿ. ಇಲ್ಲಿಗೆ ಅಲ್ಲ.

ಕೋಚ್ ‘ಹಿಂದಿನದು’ ಅಂದಾಗ ನಾನು ಎಡಗೈ ಒತ್ತಿದೆ. ಆ ಹುಲ್ಲಿನ ಮೇಲೆ ಏನೂ ಆಗಲಿಲ್ಲ, ಬೈಕ್ ಗಕ್ಕನೆ ನಿಂತಿತು ಅಷ್ಟೇ. ಆದರೆ ನನಗೆ ಕಣ್ಣಲ್ಲಿ ನೀರು ಬಂತು. ಒಂದು ವರ್ಷದ ನೋವಿಗೆ ಕಾರಣ ಅಲ್ಲಿ ಮೊದಲ ಅರ್ಧ ಗಂಟೆಯಲ್ಲಿ ಸಿಕ್ಕಿತ್ತು. ಕೋಚ್‌ಗೆ ಊರಿನ ಬ್ರೇಕ್ ವಿಷಯ ಹೇಳಿದೆ. ನಮ್ಮ ಗುಂಪಿನಲ್ಲಿದ್ದ ಇಂಗ್ಲೆಂಡಿನ ಒಬ್ಬರು ‘ನಂದೂ ಅದೇ ಸಮಸ್ಯೆ’ ಅಂದರು. ಅಲ್ಲೂ ಬಲಗೈಯದೇ ಮುಂದಿನದು. ನಮ್ಮಿಬ್ಬರ ಎಡ ಲಿವರಿಗೂ ಬಣ್ಣದ ಟೇಪ್ ಸುತ್ತಿದರು. ಹೊರಡುವ ಮುಂಚೆ ಪ್ರತಿಸಲ ‘ಟೇಪ್ ಇದ್ದದ್ದು ಮುಂದಿನದು’ ಅಂತ ಬಾಯಿಬಿಟ್ಟು ಹೇಳಿಸಿದರು. ಒಂದು ಕಡೆಯದನ್ನೇ ಹಿಡಿಯುವ ಅಭ್ಯಾಸ ಹೋಗಿ ಎರಡನ್ನೂ ಸಮ ಒತ್ತುವುದು ಬಂದ ಮೇಲೆ ಗೊಂದಲ ತಾನಾಗಿ ಕಮ್ಮಿ ಆಯಿತು. ಸ್ವಂತ ಬೈಕ್ ತಗೊಂಡಾಗ ಮಾತ್ರ ಅಂಗಡಿಯಲ್ಲಿ ಹೇಳಿ ಬ್ರೇಕ್ ಅದಲುಬದಲು ಮಾಡಿಸಿದೆ. ಮೆಕ್ಯಾನಿಕ್‌ಗೆ ಇದು ಗೊತ್ತಿರುವ ಕೆಲಸ, ನಾಚಿಕೆ ಬೇಡ. ಆ ಬೈಕನ್ನು ಬೇರೆಯವರಿಗೆ ಕೊಡುವ ಮುಂಚೆ ಹೇಳಲೇಬೇಕು, ಅಷ್ಟೇ.

ಕ್ಯಾಂಪಿನಲ್ಲಿ ಇನ್ನೂ ಬೇಕಾದಷ್ಟು ಕಲಿಸಿದರು. ತಿರುವಿನಲ್ಲಿ ಬೈಕನ್ನು ಮಾತ್ರ ವಾಲಿಸುವುದು, ಮುಂದಿನ ಚಕ್ರ ಎತ್ತಿ ಮರದ ದಿಮ್ಮಿ ದಾಟುವುದು, ಒದ್ದೆ ಬೇರನ್ನು ನೇರವಾಗಿ ದಾಟುವುದು, ದಾಟುವಾಗ ಬ್ರೇಕ್ ಬಿಟ್ಟಿರುವುದು, ಪಂಕ್ಚರ್ ಹಾಕುವುದು. ಅವೆಲ್ಲ ನೀವೇ ಹೋಗಿ ನೋಡುತ್ತೀರಿ.

ನಿಮ್ಮ ಇನ್ನೊಂದು ಪ್ರಶ್ನೆ, ಹೆಂಗಸರದ್ದೇ ಕ್ಯಾಂಪ್ ಯಾಕೆ, ಎಲ್ಲರಿಗೂ ಇರುವ ಕ್ಲಾಸ್ ಸಾಲದಾ ಅಂತ. ನನ್ನ ಪ್ರಕಾರ ಮೊದಲನೆಯದು ಹೆಂಗಸರದ್ದೇ ಇರಲಿ. ಮೆತ್ತಗೆ ಕಲಿಸುತ್ತಾರೆ ಅಂತ ಅಲ್ಲ. ನನ್ನ ಕೋಚ್ ಭಾರಿ ಗಟ್ಟಿ ಹೆಂಗಸು, ಒಂದು ತಿರುವನ್ನು ಸರಿ ಬರುವ ತನಕ ಬಿಡಲಿಲ್ಲ. ಆದರೆ ನನ್ನಷ್ಟೇ ಎತ್ತರ, ನನ್ನಷ್ಟೇ ತೂಕ ಇರುವವರು ಕಣ್ಣೆದುರು ಒಂದು ಕಲ್ಲನ್ನು ಇಳಿದು ತೋರಿಸಿದಾಗ ‘ಅವರಿಗೆ ಕಾಲು ಉದ್ದ, ಅವರಿಗೆ ಆಗುತ್ತೆ’ ಅನ್ನುವ ಮಾತಿಗೆ ಜಾಗವೇ ಇರಲಿಲ್ಲ. ಬೈಕ್ ತಳ್ಳಿಕೊಂಡು ಮೇಲೆ ಹೋಗಿ ಅದೇ ಜಾಗವನ್ನು ಮತ್ತೆ ಮತ್ತೆ ಇಳಿಯಬಹುದು. ಕೆಳಗೆ ನಿಂತು ಗಡಿಯಾರ ನೋಡುವವರು ಯಾರೂ ಇಲ್ಲ. ಮುಟ್ಟಿನ ದಿನದಲ್ಲಿ ಏನು ಹಾಕಿಕೊಳ್ಳುತ್ತೀರಿ, ಪ್ಯಾಡ್ ಇರುವ ಚಡ್ಡಿಯ ಒಳಗೆ ಒಳಉಡುಪು ಬೇಕಾ (ಬೇಡ), ಇವನ್ನೆಲ್ಲ ಊಟದ ಹೊತ್ತಿಗೆ ಕೇಳಿ ತಿಳಿದುಕೊಂಡೆವು.

ಇದು ಇತ್ತೀಚಿನ ಫ್ಯಾಷನ್ ಕೂಡ ಅಲ್ಲ. ಈ ಆಟ ಬೆಳೆದದ್ದು 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ. ಅಲ್ಲಿನ ಜಾಕ್ವಿ ಫೆಲನ್ 1983ರಿಂದ 1985ರವರೆಗೆ ಮೂರು ವರ್ಷ ಅಮೆರಿಕದ ಚಾಂಪಿಯನ್. ಆ ದಶಕದಲ್ಲೇ ಅವರು ಹೆಂಗಸರಿಗಾಗಿ ವಾಂಬ್ಯಾಟ್ಸ್ ಅನ್ನುವ ಬಳಗ ಕಟ್ಟಿ ಕಾಡಿನಲ್ಲಿ ಓಡಿಸುವುದನ್ನು ಕಲಿಸಿದರು. ಗೆಲ್ಲುವುದು ಗೊತ್ತಿದ್ದವರೇ ಹೆಂಗಸರಿಗೆ ಬೇರೆ ಜಾಗ ಬೇಕು ಅಂತ ಕಂಡುಕೊಂಡಿದ್ದರು ಅನ್ನುವುದು ನನಗೆ ದೊಡ್ಡ ಧೈರ್ಯ.

ಗಂಡನಿಂದ ಕಲಿಯುವ ಬಗ್ಗೆಯೂ ನೇರವಾಗಿ ಹೇಳುತ್ತೇನೆ. ನಮ್ಮನೆಯವರು ಒಳ್ಳೆಯ ಸವಾರರು, ತಾಳ್ಮೆ ಇರುವವರು. ಆದರೂ ಅವರಿಗೆ ತಾವು ಏನು ಮಾಡುತ್ತೇವೆ ಅಂತ ಬಿಡಿಸಿ ಹೇಳಲು ಬರುತ್ತಿರಲಿಲ್ಲ. ‘ಸುಮ್ನೆ ಬಿಡು, ಬೈಕೇ ಹೋಗುತ್ತೆ’ ಅನ್ನುತ್ತಿದ್ದರು. ಬೀಳುವ ಭಯದಲ್ಲಿರುವವರಿಗೆ ಆ ಮಾತಿನಿಂದ ಏನೂ ಸಿಗುವುದಿಲ್ಲ. ಕಲಿಸುವುದು ಬೇರೆಯದೇ ಕೆಲಸ. ಮೊದಲು ಕ್ಯಾಂಪ್ ಮುಗಿಸಿ, ಆಮೇಲೆ ಇಬ್ಬರೂ ಹೋಗಿ. ಆಗ ಅವರ ಜೊತೆ ಓಡಿಸುವುದರಲ್ಲಿ ಖುಷಿ ಇದೆ.

ಫಾರ್ಮಿನಲ್ಲಿ ಯಾವ ಮಟ್ಟ ಅಂತ ಕೇಳುತ್ತಾರೆ. ರಸ್ತೆಯಲ್ಲಿ ಎಷ್ಟೇ ಮೈಲಿ ಓಡಿಸಿರಲಿ, ಆರಂಭದವರು ಅಂತಲೇ ಹಾಕಿ. ನಡುಮಟ್ಟದ ಗುಂಪನ್ನು ನೀಲಿ ಚೌಕದ ಗುರುತಿರುವ, ಅಂದರೆ ಮಧ್ಯಮ ಕಷ್ಟದ, ಟ್ರೇಲ್‌ಗೆ ಕರೆದುಕೊಂಡು ಹೋಗುತ್ತಾರೆ. ನಿಮಗೆ ಮೊದಲು ಬೇಕಾದದ್ದು ಹಸಿರು ವೃತ್ತದ್ದು, ಅಂದರೆ ಸುಲಭದ್ದು. ಫಿಟ್‌ನೆಸ್ ಬಗ್ಗೆ ಚಿಂತೆ ಬಿಡಿ, ಏರಿನಲ್ಲಿ ಇಳಿದು ತಳ್ಳುವುದು ಅಲ್ಲಿ ಮಾಮೂಲು. ಎರಡನೇ ದಿನ ಮಧ್ಯಾಹ್ನದ ಮೇಲೆ ಮಾತ್ರ ಹುಷಾರು. ಕೈ ಸೋತಿರುತ್ತದೆ, ಹುಮ್ಮಸ್ಸು ಜಾಸ್ತಿ ಇರುತ್ತದೆ. ನಾನು ಕೊನೆಯ ಸುತ್ತಿಗೆ ಹೋಗಲಿಲ್ಲ, ಹೋಗಬೇಕಿತ್ತು ಅಂತ ಈಗಲೂ ಅನ್ನಿಸಿಲ್ಲ.

ಬೈಕ್ ಈಗಲೇ ಕೊಳ್ಳಬೇಡಿ, ಬಾಡಿಗೆಗೆ ತಗೊಳ್ಳಿ. ಬುಕ್ ಮಾಡುವಾಗ ನಿಮ್ಮ ಎತ್ತರದ ಜೊತೆ ತೂಕವನ್ನೂ ಹೇಳಿ, ಸಸ್ಪೆನ್ಷನ್ ಅದಕ್ಕೆ ಹೊಂದಿಸಿ ಕೊಡಿ ಅಂತ ಕೇಳಿ. ಶೂ ಕಚ್ಚಿಕೊಳ್ಳದ ಚಪ್ಪಟೆ ಪೆಡಲ್ ಹಾಕಿಸಿ. ಅಂಗಡಿಯ ಪಾರ್ಕಿಂಗ್‌ನಲ್ಲೇ ಇಳಿದು ನಿಂತು ಒಂದೊಂದು ಬ್ರೇಕ್ ಒತ್ತಿ ಬೈಕ್ ತಳ್ಳಿ ನೋಡಿ, ಯಾವ ಚಕ್ರ ನಿಲ್ಲುತ್ತೆ ಅಂತ. ಟೇಪ್ ಜೊತೆಯಲ್ಲಿರಲಿ. ಮೊಣಕಾಲು ಪ್ಯಾಡ್ ಕೊಳ್ಳುವ ಮುಂಚೆ ನನಗೊಂದು ಮೆಸೇಜ್ ಹಾಕಿ. ಸಣ್ಣ ಸೈಜಿನ ಒಂದು ಜೊತೆ ನನ್ನ ಹತ್ತಿರ ಸುಮ್ನೆ ಬಿದ್ದಿದೆ, ರೆಡ್ಮಂಡ್ ಕಡೆ ಬಂದಾಗ ತಗೊಂಡು ಹೋಗಬಹುದು.